ಬರ ತಟ್ಟದ ಗಿಡಗಳು

ಬರೀ ಬಿಸಿಯಾದರೆ ಎಲೆ ತನ್ನ ಸಣ್ಣ ರಂಧ್ರಗಳನ್ನು ತೆರೆದು ಬೆವರುತ್ತದೆ, ನೀರಿಲ್ಲದಿದ್ದರೆ ಮುಚ್ಚಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಂದರೆ ಗಿಡ ಯಾರ ಮಾತು ಕೇಳಬೇಕು? ಆಗ ಯಾವ ಜೀನ್ ಏಳುತ್ತದೆ, ಯಾವುದು ಮಲಗುತ್ತದೆ ಎಂದು ಗೋಧಿ ಸಸಿಗಳಲ್ಲಿ ನೋಡುವುದು ನನ್ನ ಕೆಲಸ. ಅದೇ ನನ್ನ ಇಡೀ ಪಿಎಚ್.ಡಿ. ಪ್ರಬಂಧ.

ಸಸಿಗಳು ಅಕ್ಕನವು. ಒಡಹುಟ್ಟಿದವಳಲ್ಲ, ಲ್ಯಾಬಿನ ಸೀನಿಯರ್. ಬಿಸಿ, ಬರ ಎರಡನ್ನೂ ತಾಳುವ ತಳಿ ಮಾಡಿದ್ದೇನೆ ಅನ್ನುತ್ತಿದ್ದಳು. ನಾಲ್ಕು ಜನರೆದುರು ನಾಲಗೆ ಒಣಗುವ ನನ್ನನ್ನು ಗುಬ್ಬಿ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದವಳು ಅವಳೊಬ್ಬಳೇ. ಅಮ್ಮನಿಗೆ ಜ್ವರ ಬಂದಾಗಲೂ, "ಹೋಗಿ ಬಾರೇ, ಕುಂಡಗಳನ್ನ ನಾನು ನೋಡ್ಕೋತೀನಿ. ನೀರು ಹಾಕದೇ ಇರೋದಕ್ಕೆ ಡಿಗ್ರಿ ಬೇಕಾ?" ಎಂದು ನಗಿಸಿ ಕಳಿಸಿದ್ದಳು.

ಮರಳಿ ಬಂದಾಗ, ಬಿಸಿ ಕೋಣೆಯಲ್ಲಿ ನೀರಿಲ್ಲದೆ ಇಟ್ಟಿದ್ದ ಕುಂಡಗಳಲ್ಲಿ ಹೋಲಿಕೆಗೆಂದು ಬೆಳೆಸಿದ್ದ ಮಾಮೂಲಿ ತಳಿ ಸುರುಟಿಹೋಗಿತ್ತು, ಅಕ್ಕನದು ಹಸಿರಾಗಿ ನಿಂತಿತ್ತು. ಕುಣಿಯುವಷ್ಟು ಖುಷಿ. ಆದರೆ ಎಲೆ ಅರೆದು ಪರೀಕ್ಷಿಸಿದರೆ, ಅಕ್ಕನ ಸಸಿಗಳಲ್ಲಿ ಬಿಸಿಗೆ ಏಳುವ ಜೀನ್ ಎದ್ದಿತ್ತು, ಬರಕ್ಕೆ ಏಳುವುದು ಗಾಢ ನಿದ್ದೆಯಲ್ಲಿತ್ತು. ನನ್ನದೇ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ ಉತ್ತರ. ಕೊನೆಗೆ ಅಕ್ಕನ ತಳಿಯ ಕುಂಡಗಳನ್ನು ಬಗ್ಗಿ ನೋಡಿದೆ. ಮಣ್ಣಿನ ಮೇಲೆ ತೆಳ್ಳಗೆ ಪಾಚಿ. ಒಣಮಣ್ಣಿನಲ್ಲಿ ಪಾಚಿ ಕಟ್ಟುವುದಿಲ್ಲ.

ಅಕ್ಕನನ್ನೇ ಕೇಳಿದೆ.

"ಒಂದೆರಡು ಸಲ ನೀರು ಹಾಕಿದೆ ಕಣೇ," ಅಂದಳು ತಣ್ಣಗೆ. "ಅವು ಸತ್ತಿದ್ರೆ ನಿನ್ನ ಪ್ರಬಂಧಾನೂ ಸಾಯ್ತಿತ್ತು. ನಾಳೆ ಸಭೇಲಿ ಸುಮ್ಮನಿದ್ದುಬಿಡು. ನಿನಗೇನು ಅದು ಹೊಸದಾ?"

ಮರುದಿನ ಲ್ಯಾಬಿನ ಸಭೆಯಲ್ಲಿ, ನಮ್ಮ ಮಾರ್ಗದರ್ಶಕ ಮೇಷ್ಟ್ರ ಮುಂದೆ, ನನ್ನ ಸರದಿ ಬಂತು. ಪಾಠ ಒಪ್ಪಿಸುವವಳಂತೆ ನೆಲ ನೋಡುತ್ತಲೇ ಹೇಳಿದೆ: "ಸರ್, ಈ ಗಿಡಗಳಿಗೆ ಬರ ತಟ್ಟೇ ಇಲ್ಲ. ಯಾರೋ ನೀರು ಹಾಕಿದ್ದಾರೆ."

ಅಕ್ಕನ ಹೆಸರು ಎತ್ತಲಿಲ್ಲ. ಅವಳೇ ಹೇಳುತ್ತಾಳೆಂದು ಕಾದೆ.

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಯಾರು?"

ಅಕ್ಕ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. "ಬೈಬೇಡಿ ಸರ್. ಇವಳದು ಹೆಂಗರುಳು, ಬಾಡಿದ್ದು ನೋಡಕ್ಕಾಗಲ್ಲ. ನೀರು ಹಾಕ್ಬಿಟ್ಟೆ ಅಂತ ನಿನ್ನೆ ನನ್ನ ಹತ್ರ ಅತ್ಕೊಂಡಿದ್ಲು."

ಯಾರೋ ಪಾಪ ಅಂದರು. ಇನ್ಯಾರೋ ನಕ್ಕರು.

"ಅಷ್ಟು ಮೃದುವಾದ್ರೆ ಈ ಕೆಲಸ ಆಗಲ್ಲಮ್ಮ," ಎಂದರು ಮೇಷ್ಟ್ರು, ಬೇಸರದಿಂದ. "ಇನ್ನುಮುಂದೆ ಈ ಕುಂಡಗಳು ಬೇರೆಯವರ ಕೈಲಿರಲಿ."

"ನಾನಲ್ಲ," ಅಂದೆ. ಅಷ್ಟರಲ್ಲಿ ಮುಂದಿನವನು ತನ್ನ ಚಿತ್ರವನ್ನು ಪರದೆಗೆ ಹಾಕಿದ್ದ. ಎಲ್ಲರೂ ಅತ್ತ ತಿರುಗಿದ್ದರು. ಅಕ್ಕನಿಗೆ ಮಾತ್ರ ಕೇಳಿಸಿತು. ಮಗುವನ್ನು ಮಲಗಿಸುವವಳಂತೆ ನನ್ನ ಹೆಗಲನ್ನು ಮೆಲ್ಲಗೆ ತಟ್ಟಿದಳು.