ಏರಿಗೆ ಮುಖ ಮಾಡಿದ ಮೀನುಗಳು

ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಜಗದಾಂಬ 1958ರ ಜುಲೈನಲ್ಲಿ ಹೊಸಬಾಳೆಗೆ, ಅಕ್ಕ ವನಜಮ್ಮನ ಮನೆಗೆ ಬಂದಳು. ಅಕ್ಕನನ್ನು ನೋಡುವುದು ನೆಪ. ಕೆರೆಯ ಕೋಡಿಯಲ್ಲಿ ಮೀನು ಹತ್ತುವುದನ್ನು ಕಣ್ಣಾರೆ ನೋಡಬೇಕಿತ್ತು.

ಅವಳು ಓದುತ್ತಿದ್ದ ಪುಸ್ತಕದಲ್ಲಿ ಸಾಲ್ಮನ್ ಎಂಬ ಶೀತದೇಶದ ಮೀನಿನ ವಿಷಯವಿತ್ತು. ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿ ಹತ್ತುವ ಮೀನು. ಅದರ ಪೂರ್ವಜರು ನದಿಯವರೇ, ಮೇವು ಹುಡುಕಿಕೊಂಡು ಸಮುದ್ರಕ್ಕೆ ಇಳಿದರು ಎನ್ನುತ್ತಿದ್ದರು ಕೆಲವರು. ಅಲ್ಲ, ಸಮುದ್ರದಿಂದಲೇ ಬಂದವರು ಎಂದು ಇನ್ನು ಕೆಲವರ ವಾದ. ಕೋಟ್ಯಂತರ ವರ್ಷಗಳ ಹಿಂದಿನ ಸಂಗತಿಯ ಈ ತಕರಾರು ಅವಳ ತಲೆ ಹೊಕ್ಕಿತ್ತು. ಹೊಸಬಾಳೆಯ ಮೀನು ಆ ಕುಲದ್ದಲ್ಲ, ಆದರೆ ಹರಿವಿಗೆ ಎದುರಾಗಿ ಈಜುವ ಗುಣ ಇವಕ್ಕೂ ಇತ್ತು.

ಭಾನುವಾರ ಬೆಳಿಗ್ಗೆ ಮಳೆಯಲ್ಲೇ ಹೋದರೆ ಕೋಡಿಯಲ್ಲಿ ಮೀನೇ ಕಡಿಮೆ. ಕೆರೆಯ ಏರಿಯ ಹೊರಬದಿಯ ಬುಡದಲ್ಲೇ ನಡೆದು ಬಂದಳು. ಹುಲ್ಲಿನ ನಡುವಿನ ಸಣ್ಣ ಕಾಲುವೆಯಲ್ಲಿ ಬೆರಳುದ್ದದ ಮೀನುಗಳು ನೂರಾರು, ಎಲ್ಲದರ ಮುಖವೂ ಏರಿಯ ಕಡೆಗೆ. ಖುಷಿಯಿಂದ ಕುಕ್ಕರುಗಾಲಲ್ಲಿ ಕೂತಳು. ಮರುಕ್ಷಣ ಏರಿಯ ಉದ್ದಕ್ಕೂ ಕಣ್ಣಾಡಿಸಿದಳು. ಅಲ್ಲಿ ತೂಬಿಲ್ಲ, ಕೋಡಿಯಿಲ್ಲ. ಹಾಗಾದರೆ ಹರಿವು ಎಲ್ಲಿಂದ?

ಹುಲ್ಲು ಸರಿಸಿ ಕೈಯಿಟ್ಟಳು. ಒಳಗಿನಿಂದ ನೀರು ಅಂಗೈಯನ್ನು ದೂಡಿತು. ಅಂಗೈ ತುಂಬ ಕೆಂಪು ಮಣ್ಣು.

"ರಾಜಪ್ಪಾ, ಬೇಗ ಬನ್ನಿ! ಏರಿಯೊಳಗಿಂದ ನೀರು ಬರ್ತಿದೆ!"

ಕೆರೆಯ ನೀರು ನೋಡಿಕೊಳ್ಳುತ್ತಿದ್ದ ರಾಜಪ್ಪ ಏರಿಯ ಮೇಲಿನಿಂದಲೇ ಹೇಳಿದ: "ಮಳೆಗಾಲದಾಗೆ ಒಸರೋದೇ ಕಣ್ರಮ್ಮ."

ಆದರೂ ಇಳಿದು ಬಂದ. ನೀರಿನ ಬಣ್ಣ ನೋಡಿ ಅವನ ಮುಖ ಬಿಳಿಚಿತು. "ಏರಿ ಮಣ್ಣೇ ಕೊಚ್ಕೊಂಡು ಬರ್ತೈತಲ್ರೀ! ಓಡ್ರೀ, ದಿಬ್ಬಕ್ಕೆ ಓಡ್ರೀ!"

ಕೆಳಗಿನ ಗದ್ದೆಯಲ್ಲಿ ಅಕ್ಕನ ಜೊತೆ ಹತ್ತು ಹೆಂಗಸರು ನಾಟಿ ಮಾಡುತ್ತಿದ್ದರು. ಜಗದಾಂಬ ಕೂಗಿದಳು. ಮಳೆಯ ಸದ್ದಿನಲ್ಲಿ ಯಾರೂ ತಲೆಯೆತ್ತಲಿಲ್ಲ. ದಿಬ್ಬ ಬಲಕ್ಕಿತ್ತು, ಗದ್ದೆ ನೇರ ನೀರಿನ ದಾರಿಯಲ್ಲಿತ್ತು. ಅವಳು ಗದ್ದೆಗೇ ಓಡಿದಳು.

"ಏನೇ ಇದು ಜಗದಾ? ಹಾವು ಗೀವು ಕಚ್ತೇನೇ?"

"ಅಕ್ಕಾ, ಏರಿ ಒಡೀತಿದೆ! ಎಲ್ಲ ಬಿಟ್ಟು ಓಡ್ರೀ!"

ಸಸಿಯ ಕಟ್ಟುಗಳು ಕೆಸರಿಗೆ ಬಿದ್ದವು. ಮುದುಕಿ ಶೇಷಮ್ಮನ ಕಾಲು ಮೊಣಕಾಲಿನವರೆಗೆ ಹೂತಿತ್ತು. "ನನ್ ಬಿಟ್ಟುಬಿಡವ್ವ" ಎಂದಳು. ಅಕ್ಕ ತಂಗಿ ಇಬ್ಬರೂ ಅವಳ ರಟ್ಟೆ ಹಿಡಿದು ಎಳೆದರು. ದಿಬ್ಬದ ಬುಡ ಮುಟ್ಟುವಾಗ ಹಿಂದೆ ನೆಲವೇ ಸೀಳಿದಂಥ ಸದ್ದು. ಜಗದಾಂಬ ತಿರುಗಿ ನೋಡಲಿಲ್ಲ. ಮೇಲೆ ಹತ್ತಿ ನೋಡುವಾಗ ಗದ್ದೆಯಿರಲಿಲ್ಲ, ಕೆಂಪು ನೀರಿತ್ತು. ತಲೆ ಎಣಿಸಿದಳು. ತಪ್ಪಿತು, ಮತ್ತೆ ಎಣಿಸಿದಳು. ಎಲ್ಲರೂ ಇದ್ದರು. ಏರಿಯ ಆ ಕಡೆಗೆ ಓಡಿ ಪಾರಾಗಿದ್ದ ರಾಜಪ್ಪ ಆಚೆ ದಡದಲ್ಲಿ ಟವೆಲ್ ಬೀಸುತ್ತಿದ್ದ.

"ನಿಂಗೆ ಹೆಂಗೆ ಗೊತ್ತಾತೇ?" ವನಜಮ್ಮ ಕೇಳಿದಳು.

"ಮೀನು ಏರಿಗೆ ಮುಖ ಮಾಡಿದ್ವು ಅಕ್ಕಾ" ಎನ್ನುವಷ್ಟರಲ್ಲಿ ಅವಳ ಹಲ್ಲು ಕಟಕಟ ಎಂದವು.

ಮಂಗಳವಾರ ಶಿಕಾರಿಪುರಕ್ಕೆ ಹೊರಟ ಬಸ್ಸು ಹಳ್ಳದ ಸೇತುವೆ ದಾಟುವಾಗ ಜಗದಾಂಬ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು. "ತಲೆ ಸುತ್ತಾ ಐತೇನ್ರೀ?" ಎಂದು ಪಕ್ಕದಾಕೆ ಕೇಳಿದಳು. "ಕೆಳಗಿನ ನೀರು ಕೆಂಪಗಿದೆಯಾ ನೋಡ್ರೀ" ಎಂದಳು ಜಗದಾಂಬ, ಕಣ್ಣು ತೆರೆಯದೆ.