ತುಂಬಿದ ಚಮಚ

ಬಣ್ಣದ ಕಾರ್ಖಾನೆಯಲ್ಲಿ ಅವಳಿಗೆ ‘ಸೆಕೆಂಡಮ್ಮ’ ಎಂದೇ ಹೆಸರು. ತಳದಲ್ಲಿ ತೂತಿರುವ ಬಟ್ಟಲಿಗೆ ಬಣ್ಣ ತುಂಬಿಸಿ, ತೂತು ಮುಚ್ಚಿದ ಬೆರಳು ತೆಗೆದು, ನೂಲಿನಂತೆ ಇಳಿಯುವ ಧಾರೆ ಯಾವಾಗ ಕಡಿಯುತ್ತದೋ ಎಂದು ಕಾದು ಗಡಿಯಾರ ಒತ್ತುವುದು ಅವಳ ಕೆಲಸ. ಹೆಚ್ಚು ಸೆಕೆಂಡು ಹಿಡಿದರೆ ಬಣ್ಣ ಮಂದ, ಕಡಿಮೆಯಾದರೆ ತೆಳು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಅವಳಿಗೆ ಸಾಕೋ ಸಾಕಾಗಿತ್ತು. ಉಸ್ಸಪ್ಪಾ ಎಂದು ಮನೆಗೆ ಬಂದರೆ ಅಲ್ಲೂ ಅದೇ ಕರ್ಮ.

ಅಪ್ಪನಿಗೆ ಪಾರ್ಶ್ವವಾಯು ಬಡಿದು ಮೂರು ತಿಂಗಳಾಗಿತ್ತು. ನೀರಿಳಿಯದ ಗಂಟಲು ಎಂಬ ಗಾದೆಮಾತು ಮನೆಗೇ ಬಂದು ಕೂತಿತ್ತು. ಬರಿ ನೀರು ಕೊಟ್ಟರೆ ನುಂಗುವ ಮೊದಲೇ ಜಾರಿ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಪಿಷ್ಟದ ಪುಡಿ ಕಲಸಿ, ತೆಳು ಜೇನಿನ ಹದಕ್ಕೆ ತಂದು ಕೊಡಬೇಕು. “ಇನ್ನೊಂದು ಸಲ ಎದೆಗೆ ಸೋಂಕಾದ್ರೆ ಮೂಗಿಗೆ ನಳಿಕೆ ಹಾಕ್ಬೇಕಾಗುತ್ತೆ. ಆಮೇಲೆ ಬಾಯಿಂದ ಏನೂ ಕೊಡೋ ಹಾಗಿಲ್ಲ,” ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮೂವತ್ತೈದು ವರ್ಷ ರಸಾಯನಶಾಸ್ತ್ರ ಕಲಿಸಿದ ಬಾಯಿ ಅದು. ಸ್ವಂತ ಮಗಳಿಗೂ ಹತ್ತಕ್ಕೆ ಒಂಬತ್ತರ ಮೇಲೆ ಕೊಟ್ಟ ಮೇಷ್ಟ್ರಲ್ಲ.

ತೆಳು ಜೇನು ಅಂದರೆ ಎಷ್ಟು? ಸೆಕೆಂಡಮ್ಮನಿಗೆ ಅಂಥ ಅಡ್ಡಾದಿಡ್ಡಿ ಮಾತು ಹಿಡಿಸದು. ಬಣ್ಣ ಸೋಕದ ಹೊಸ ಬಟ್ಟಲು ತಂದು, ಅಡುಗೆಮನೆಯಲ್ಲಿ ಅಳೆದೂ ಸುರಿದೂ ಮೂವತ್ತೆರಡು ಸೆಕೆಂಡಿಗೆ ನಿಲ್ಲಿಸಿದ್ದಳು. ಒಂದು ಸೆಕೆಂಡು ಆಚೀಚೆಯಾದರೂ ಚೆಲ್ಲಿ ಮತ್ತೆ ಕಲಸುತ್ತಿದ್ದಳು. ಆದರೂ ಅಪ್ಪ ಕೆಮ್ಮುತ್ತಿದ್ದರು.

ಆ ಸಂಜೆಯೂ ಕೆಮ್ಮಿ ಕೆಮ್ಮಿ ಸುಸ್ತಾದರು. ಅವಳು ರೇಗಿದಳು. “ಸರಿಯಾಗೇ ಅಳ್ದಿದೀನಲ್ಲಪ್ಪಾ! ಏನ್ ಮಾಡ್ತಿದೀರಿ ನೀವು?”

ಅಪ್ಪ ವಾರೆಯಾದ ಬಾಯಲ್ಲೇ ನಕ್ಕರು. “ಬಾಯಲ್ಲಿ... ಇಟ್ಕೋತೀನಿ.”

“ಯಾಕೆ?”

“ಸ್ವಲ್ಪ ಹೊತ್ತಿಗೆ... ನೀರಾಗುತ್ತೆ.”

ಅವಳು ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. ಬಟ್ಟಲಲ್ಲಿ ಅಳೆದಿದ್ದಳು, ಬಾಯಲ್ಲಿ ಅಳೆದಿರಲಿಲ್ಲ. ಜೊಲ್ಲು ಪಿಷ್ಟವನ್ನು ಮುರಿದು ನೀರು ಮಾಡುತ್ತದೆಂದು ಕಲಿಸಿದ್ದೇ ಈ ಮೇಷ್ಟ್ರು. ಕಳ್ಳ! ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಒಂದು ಗುಟುಕು ನೀರಿಗೆ ಜೀವವನ್ನೇ ಪಣಕ್ಕಿಟ್ಟಿದ್ದರು.

ಮರುದಿನ ಜೊಲ್ಲಿಗೆ ಜಗ್ಗದ ಅಂಟಿನ ಪುಡಿ ತಂದಳು. ಕೆಮ್ಮು ನಿಂತಿತು. ಅಪ್ಪನ ಮಾತೂ ನಿಂತಿತು. ಲೋಟ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದರು. ನಾಲ್ಕನೇ ದಿನ ಅವಳು ಆ ಮಂದ ನೀರನ್ನು ತಾನೇ ಕುಡಿದು ನೋಡಿದಳು. ಇಷ್ಟು ದಿನ ಅಳೆದಿದ್ದಳೇ ಹೊರತು ರುಚಿ ನೋಡಿರಲಿಲ್ಲ. ಗಂಟಲಿಗೇನೋ ಇಳಿಯಿತು, ಬಾಯಾರಿಕೆ ಅಲ್ಲೇ ಉಳಿಯಿತು. ಲೋಟ ಹಿಡಿದುಕೊಂಡೇ ಅತ್ತುಬಿಟ್ಟಳು.

ನುಂಗುವುದನ್ನು ಕಲಿಸುವ ನರ್ಸಮ್ಮನನ್ನು ಕಾಡಿ ಬೇಡಿ ಮನೆಗೆ ಕರೆತಂದು, ಸ್ವಲ್ಪವಾದರೂ ಬರಿ ನೀರು ಕೊಡಬಹುದೇ ಎಂದು ಕೇಳಿದಳು. ಆಕೆ ಗಂಟಲು ಪರೀಕ್ಷಿಸಿ, ಡಾಕ್ಟರನ್ನೂ ಕೇಳಿ, ಕೊನೆಗೆ ಒಪ್ಪಿದಳು. “ಹಲ್ಲುಜ್ಜಿಸಿ, ನೆಟ್ಟಗೆ ಕೂರಿಸಿ, ಗದ್ದ ಕೆಳಗೆ ಮಾಡಿಸಿ. ಬಾಯಿ ಶುಚಿಯಾಗಿದ್ರೆ ಹನಿ ಜಾರಿದ್ರೂ ಸೋಂಕಿನ ಭಯ ಕಡಿಮೆ. ದಿನಕ್ಕೆ ಒಂದೇ ಒಂದು ಚಮಚ ಬರಿ ನೀರು. ಒಂದೇ, ತಿಳೀತಾ?”

ಮರುದಿನ ಬೆಳಿಗ್ಗೆ ಸೆಕೆಂಡಮ್ಮ ಅಪ್ಪನ ತುಟಿಯ ಹತ್ತಿರ ಚಮಚ ಹಿಡಿದು ಅಂಚಿನವರೆಗೆ ನೀರು ತುಂಬಿದಳು. ಆಮೇಲೆ ಔಷಧಿಯ ಪಿಚಕಾರಿಯಿಂದ ಒಂದು ಹನಿ ಬಿಟ್ಟಳು. ಚೆಲ್ಲಲಿಲ್ಲ. ಇನ್ನೊಂದು ಹನಿ ಬಿಟ್ಟಳು. ನೀರು ಅಂಚಿನ ಮೇಲೆ ಬೆನ್ನುಬ್ಬಿಸಿ ನಿಂತಿತು. ಮತ್ತೊಂದು. ಕೈ ಸೋತಿತ್ತು, ಆದರೂ ಅಲುಗಾಡಿಸಲಿಲ್ಲ.

“ಕೈ ಕೈ... ಹಿಡ್ಕೊಂಡಿವೆ,” ಎಂದರು ಅಪ್ಪ, ಚಮಚದಿಂದ ಕಣ್ಣು ಕೀಳದೆ. ನೀರಿನ ಕಣಗಳ ಪಾಠವನ್ನು ಅವರು ಯಾವಾಗಲೂ ಹಾಗೇ ಶುರು ಮಾಡುತ್ತಿದ್ದರು.

“ಒಂದೇ ಚಮಚ ಅಂದಿದಾರೆ. ಎಷ್ಟು ತುಂಬಿರ್ಬೇಕು ಅಂತ ಹೇಳಿಲ್ಲ,” ಎಂದಳು.

ಅಪ್ಪ ಗದ್ದ ಇಳಿಸಿ ಹೀರಿದರು. ಬಾಯಲ್ಲಿ ಇಟ್ಟುಕೊಳ್ಳಲಿಲ್ಲ, ನುಂಗಿದರು. ಅವಳು ಉಸಿರು ಬಿಗಿಹಿಡಿದು ಕಾದಳು. ಕೆಮ್ಮು ಬರಲಿಲ್ಲ.

“ಹತ್ತಕ್ಕೆ...” ಎಂದು ಅಪ್ಪ ತಡವರಿಸಿ, ತುಟಿ ನೆಕ್ಕಿಕೊಂಡರು. “ಹತ್ತು.”