ಮೇಜಿನ ಮೇಲಿನ ಹಳ್ಳಿ

ಆರ್.ಟಿ. ನಗರದ ಜಗನ್ ಮನೆಯ ಮಹಡಿಯಲ್ಲಿ ಹಳೇ ಮೈಸೂರು ಯುದ್ಧದ ಆಟಕ್ಕೆ ಮೇಜು ಸಜ್ಜಾಗುತ್ತಿತ್ತು. ಒಂದು ಕಡೆ ಬೆರಳುದ್ದದ ಮೈಸೂರು ಸಿಪಾಯಿ ಬೊಂಬೆಗಳು, ಎದುರಿಗೆ ಬ್ರಿಟಿಷರ ಕಂಪನಿ ಪಡೆ. ನಡುವೆ ಒಂದು ಹಳ್ಳಿ ಬರಬೇಕಿತ್ತು. ಅದರ ಪುಟ್ಟ ಕಟ್ಟಡಗಳನ್ನೆಲ್ಲ ಅವನ ಗೆಳತಿ ಅತೀಯಾ ರಟ್ಟಿನಲ್ಲಿ ಕೈಯಾರೆ ಮಾಡಿ ತಂದಿದ್ದಳು. ಜಗನ್ ಒಂದೊಂದನ್ನೇ ಆರಿಸಿ ಇಡುತ್ತಾ ಬಂದವನು, ಮಸೀದಿ ಕೈಗೆ ಸಿಕ್ಕಾಗ ಅದನ್ನು ಪೆಟ್ಟಿಗೆಗೆ ವಾಪಸು ಹಾಕಿದ.

“ಅದ್ಯಾಕೆ ಬೇಡ?” ಎಂದಳು ಅತೀಯಾ.

“ತುಂಬಾ ದೊಡ್ಡದು ಕಣೇ. ಫಿರಂಗಿಗೆ ಅಡ್ಡ ಆಗತ್ತೆ.”

“ಗುಡಿನೂ ಅಷ್ಟೇ ಎತ್ತರ ಇದೆ. ಅದನ್ನ ಇಟ್ಟಿದ್ದೀಯಲ್ಲ?”

ಜಗನ್ ಮುಖ ಗಂಟಿಕ್ಕಿದ. “ನನ್ ಮನೆ, ನನ್ ಟೇಬಲ್. ಬೇಡ ಅಂದ್ರೆ ಬೇಡ. ನಿಮ್ಮೋರ್ದು ಎಲ್ಲದಕ್ಕೂ ಇದೇ ತಕರಾರು.”

ಕಾಲೇಜಿನಿಂದ ಜೊತೆಗೆ ಆಡಿಕೊಂಡು ಬಂದವನ ಬಾಯಲ್ಲಿ ‘ನಿಮ್ಮೋರು’ ಎಂಬ ಮಾತು ಕೇಳಿ ಅತೀಯಾಳ ಮೈ ಉರಿಯಿತು. ಅವಳು ಮೇಜಿನ ಮೇಲಿದ್ದ ಮನೆಗಳನ್ನೆಲ್ಲ ಎತ್ತಿ ಪೆಟ್ಟಿಗೆಗೆ ತುಂಬತೊಡಗಿದಳು. ಗುಡಿಯನ್ನೂ ತೆಗೆದಳು.

“ಏಯ್, ಹಳ್ಳಿ ಇಲ್ದೆ ಆಟ ಹೆಂಗ್ ಆಡೋದು?”

“ಬಯಲಲ್ಲಿ ಆಡ್ಕೋ.”

ಅವಳು ಪೆಟ್ಟಿಗೆಯನ್ನು ಅವಚಿಕೊಂಡು ಮೆಟ್ಟಿಲಿಳಿದಳು. ಜಗನ್ ಧಡಾರನೆ ಬಾಗಿಲು ಹಾಕಿಕೊಂಡ. ಆಮೇಲೆ ಅವರಿಬ್ಬರೂ ಎದುರುಬದುರು ಕೂತು ಆಡಲೇ ಇಲ್ಲ.